ರಾಶಿಗೆ ಮರಳಿ ಸುರಿದ ಕಡಲೆ

ಚಿಕ್ಕನಾಯಕನಹಳ್ಳಿಯಲ್ಲಿ ಹುರಿಗಡಲೆ ಭಟ್ಟಿ ಇಟ್ಟುಕೊಂಡಿದ್ದ ಗುರುಸಿದ್ದಮ್ಮ ದಲ್ಲಾಳಿಗಳ ಕಡಲೆ ಮುಟ್ಟಿದವಳಲ್ಲ. ಗಂಡ ತೀರಿಕೊಂಡ ಮೇಲೆ ತೋಟದ ಕೊಬ್ಬರಿಯನ್ನು ಕೆಲವು ವರ್ಷ ತಾನೇ ಮಾರಲು ಹೋಗಿದ್ದಳು. ಕೊಳ್ಳುವವರು ನೋಡುವ ನೆಪದಲ್ಲಿ ಉಂಡೆ ಕೊಬ್ಬರಿ ಒಡೆಯುತ್ತಿದ್ದರು. ಒಂದು ಚೂರು ಬಾಯಿಗೆ, ಉಳಿದದ್ದು ಅವರ ಚೀಲಕ್ಕೆ. ನಾಲ್ಕು ಜನ ನೋಡಿ ಹೋಗುವಷ್ಟರಲ್ಲಿ ಮೂಟೆ ಜೋಲು ಬಿದ್ದಿರುತ್ತಿತ್ತು. ಆ ಸಂಕಟ ಉಂಡವಳಾದ್ದರಿಂದ, ತಾನು ಕೊಳ್ಳುವ ಕಡೆ ನಿಂತಾಗ ಕಟ್ಟುನಿಟ್ಟು ಮಾಡಿಕೊಂಡಳು: ಬೆಳೆದವರ ಕಣಕ್ಕೇ ಹೋಗಬೇಕು. ಕೊಳಗದ ತಲೆ ಸವರಿ, ಬಾಯಿಮಟ್ಟಕ್ಕೇ ಅಳೆಯಬೇಕು. ನೋಡಲು ತೆಗೆದ ಕಾಳು ರಾಶಿಗೇ ಹೋಗಬೇಕು.

ಎಪ್ಪತ್ತೆಂಟನೇ ಇಸವಿಯಲ್ಲಿ ಇಬ್ಬನಿ ಸರಿಯಾಗಿ ಬೀಳಲಿಲ್ಲ. ಅವಳು ವರ್ಷವೂ ಹೋಗುತ್ತಿದ್ದ ಊರುಗಳಲ್ಲಿ ಕಡಲೆ ಗಿಡ ಕಾಯಿ ಕಚ್ಚದೆ ಹೋಯಿತು. ಯುಗಾದಿಗೆ ಅಂಗಡಿಯವರೆಲ್ಲ ಹುರಿಗಡಲೆ ಹೇಳಿಟ್ಟಿದ್ದರು. ಬೋರನಕಣಿವೆಯ ಆಚೆ ಎರೆಹೊಲದಲ್ಲಿ ಬೆಳೆ ನಿಂತಿದೆ ಎಂದು ಯಾರೋ ಅಂದದ್ದನ್ನು ಕೇಳಿ, ಮುಂಚೆ ಕಾಲಿಡದ ಹಳ್ಳಿಯೊಂದಕ್ಕೆ ಹೋದಳು.

ಹುಚ್ಚರಂಗಯ್ಯನೆಂಬ ಮುದುಕನ ಕಣದಲ್ಲಿ ಒಳ್ಳೆಯ ರಾಶಿಯಿತ್ತು. ಗುರುಸಿದ್ದಮ್ಮ ಒಂದು ಹಿಡಿ ತೆಗೆದು, ಒಂದು ಕಾಳನ್ನು ಹಲ್ಲಿಗೆ ಕೊಟ್ಟಳು. ಕಟಕ್ಕೆಂದು ಒಡೆಯಿತು. ಭಟ್ಟಿಗೆ ಹೇಳಿ ಮಾಡಿಸಿದ ಕಾಳು.

"ಉಳಿದಿದ್ನ ಸೆರಗಿಗ್ ಕಟ್ಕಳಿ ತಾಯಿ" ಅಂದ ಹುಚ್ಚರಂಗಯ್ಯ.

"ಬ್ಯಾಡ ಕಣಪ್ಪ, ನಂಗ್ಯಾಕೆ" ಎಂದು ಅವಳು ಹಿಡಿಯನ್ನು ರಾಶಿಗೆ ಸುರಿದು, ಕೈ ಕೊಡವಿಕೊಂಡು ಎದ್ದಳು. "ಬತ್ತೀನಿ."

ದರದ ಮಾತನ್ನು ಅವಳು ಅಳೆಯುವ ಹೊತ್ತಿಗೇ ಆಡುತ್ತಿದ್ದದ್ದು. ಹಳೆಯ ಊರುಗಳಲ್ಲಿ ಅದು ಎಲ್ಲರಿಗೂ ಗೊತ್ತಿತ್ತು.

ಮುಂದಿನ ಮಂಗಳವಾರ ಹತ್ತಿರದ ಪೇಟೆ ಹುಳಿಯಾರಿನಿಂದ ಬಾಡಿಗೆ ಗಾಡಿ ಹೂಡಿಸಿಕೊಂಡು, ಖಾಲಿ ಚೀಲಗಳ ಮೇಲೆ ಕೂತು ಬಂದರೆ, ಕಣದಲ್ಲಿ ದಲ್ಲಾಳಿ ಬೆಟ್ಟಸ್ವಾಮಿ ಅಳೆಸುತ್ತಿದ್ದ. ರಾಶಿ ಆಗಲೇ ಅರ್ಧ ಇಳಿದಿತ್ತು.

"ಇದೇನ್ ರಂಗಯ್ಯ! ಬತ್ತೀನಿ ಅಂದಿದ್ನಲ್ಲಪ್ಪ ನಾನು?"

ಮುದುಕ ಕಕ್ಕಾಬಿಕ್ಕಿಯಾದ. "ಹೋಗೋರೆಲ್ಲ ಬತ್ತೀನಿ ಅಂತಾನೇ ಅಲ್ವ ತಾಯಿ ಅನ್ನದು? ಹೋಯ್ತೀನಿ ಅಂತ ಯಾರಂದಾರು?"

ಅವನ ಹೆಂಡತಿ ಅಂಕಮ್ಮ ಮೊರ ಕೆಳಗಿಟ್ಟಳು. "ಕಾಳ್ನ ವಾಪಸ್ ಸುರುದ್ಬುಟ್ರಿ ಕಣಮ್ಮ. ನಮ್ ಕಡೆ ಮಾಲು ಹಿಡಿಸ್ದೋರು ಕಟ್ಕಂಡ್ ಹೋಯ್ತಾರೆ. ಸುರುದ್ರು ಅಂದ್ರೆ ನಿನ್ ಮಾಲ್ ಬ್ಯಾಡ ಅಂತ. ಈವಯ್ಯ ಅವತ್ತು ಮುದ್ದೆ ಮುರೀಲಿಲ್ಲ."

ಗುರುಸಿದ್ದಮ್ಮ ತನ್ನ ಅಂಗೈ ನೋಡಿಕೊಂಡಳು. ಬೆಟ್ಟಸ್ವಾಮಿಗೆ ಮಾತ್ರ ನಗು. "ಏನಮ್ಮಾರೆ, ಭಟ್ಟೀನೂ ಗಾಡೀಲೇ ತಂದ್ರಾ?"

ಹುಚ್ಚರಂಗಯ್ಯ ಹತ್ತಿರ ಬಂದು ದನಿ ತಗ್ಗಿಸಿದ. "ಹೂಂ ಅನ್ನಿ ತಾಯಿ, ಉಳಿದರ್ಧ ನಿಲ್ಲುಸ್ಬುಡ್ತೀನಿ."

ಅರ್ಧ ರಾಶಿ ಸಿಕ್ಕರೆ ಯುಗಾದಿ ಕಳೆಯುತ್ತಿತ್ತು. ಅವಳು ರಾಶಿಯನ್ನು ನೋಡಿದಳು.

"ಅವ್ನ್ ಕೈಲಿ ಎಲೆ ಅಡಿಕೆ ಇಸ್ಕಂಡಿದೀಯಾ?"

"ಇಸ್ಕಂಡಿವ್ನಿ."

"ಹಂಗಾರೆ ಮಾತು ಕೊಟ್ಟಂಗಾಯ್ತು. ಅಳೀಲಿ ಬುಡು."

ಹಾಗೆಂದು ಗಾಡಿ ತಿರುಗಿಸಲಿಲ್ಲ. ಕಣದಂಚಿನ ಕಲ್ಲಿನ ಮೇಲೆ ಕೂತಳು. ಬೆಟ್ಟಸ್ವಾಮಿಯ ಆಳು ಕೊಳಗ ತುಂಬಿ, ಮೇಲೆ ಇನ್ನೂ ಇನ್ನೂ ಎಳೆದು, ಕಾಳು ಜಾರುವ ತನಕ ಏರಿಸುತ್ತಿದ್ದ. ಅಷ್ಟೂ ಸೇರಿ ಒಂದೇ ಕೊಳಗದ ಲೆಕ್ಕ.

"ಬೆಟ್ಟಸ್ವಾಮಿ, ಎಲೆ ಅಡಿಕೆ ಕೊಡುವಾಗ ಕೊಳಗ ಅಂದ್ಯೋ, ಗೋಪುರ ಅಂದ್ಯೋ?"

ಬಣವೆ ಹತ್ತಿರ ನಿಂತು ನೋಡುತ್ತಿದ್ದ ಊರವರು ಕಿಸಕ್ಕೆಂದರು.

"ರೂಢಿ ಕಣ್ರೀ ಇದು" ಅಂದ ಅವನು.

"ಯಾರ ರೂಢಿ? ಅಂಕಮ್ಮ, ನಿಂದಾ?"

ಅಂಕಮ್ಮ ಗಂಡನ ಮುಖ ನೋಡಿ, ಎದ್ದು ಬಂದು, ಕೊಳಗದ ಮೇಲೆ ಅಂಗೈಯಾಡಿಸಿದಳು. ಮೇಲಿನ ಕಾಳು ಸರಸರನೆ ರಾಶಿಗಿಳಿಯಿತು. ಬೆಟ್ಟಸ್ವಾಮಿ ಮುಖ ಗಂಟಿಕ್ಕಿ, "ಈಯಮ್ಮಂಗೆ ಕಡ್ಲೆ ಸಿಗಲಿಲ್ಲ, ಪಂಚಾಯ್ತಿ ಸಿಕ್ತು" ಎಂದನೇ ಹೊರತು ತಡೆಯಲಿಲ್ಲ. ಅಷ್ಟು ಜನ ನೋಡುತ್ತಿದ್ದರು. ಕೊನೆಯ ಕೊಳಗದ ತನಕ ಅಂಕಮ್ಮ ಸವರಿದಳು, ಗುರುಸಿದ್ದಮ್ಮ ಕೂತಿದ್ದಳು. ಖಾಲಿ ಗಾಡಿ ಹುಳಿಯಾರಿಗೆ ಮರಳಿತು.

ಆ ಕಡಲೆ ಹುಳಿಯಾರಿನ ಮಂಡಿಗೇ ಬಂತು. ಭಟ್ಟಿಯಲ್ಲಿ ಜೊತೆಗೆ ದುಡಿಯುತ್ತಿದ್ದ ರಂಗಮ್ಮ ಬಡಕೊಂಡಳು: "ಅದೇ ಮುದುಕಪ್ಪನ ಕಡ್ಲೆ ಅಲ್ವೇನಕ್ಕ? ಹೋಗಿ ಕೊಂಡ್ಕಂಬಾ. ಮಂಡೀಲಿ ಇದ್ರೆ ಮೈಲಿಗೆ ಆಯ್ತದಾ?"

"ಮೊದಲರ್ಧ ಗೋಪುರದಾಗ್ ಅಳ್ದಿದ್ ಕಣೇ. ಯಾವುದು ಯಾವ್ ಚೀಲದಾಗೈತೋ, ನಾನೆಂಗ್ ಆರ್ಸಲಿ?"

ಆ ಯುಗಾದಿಗೆ ಅಂಗಡಿಯವರು ಬೇರೆ ಕಡೆಯಿಂದ ಹುರಿಗಡಲೆ ತರಿಸಿದರು. ಇಬ್ಬರು ಹೆಂಗಸರೂ ಭಟ್ಟಿಯಲ್ಲಿ ಕಾಳು ಹುರಿಯುವ ಮರಳನ್ನು ಜರಡಿ ಹಿಡಿದು, ಗೋಣಿ ಹೊದಿಸಿಟ್ಟರು. ಮಾರನೆಯ ಬೆಳಿಗ್ಗೆ ರಂಗಮ್ಮ ತೆಂಗಿನ ನಾರಿನ ಹಗ್ಗ ಹೊಸೆಯುವ ಕೂಲಿಗೆ ಹೊರಟಾಗ, ಗುರುಸಿದ್ದಮ್ಮನೂ ಬುತ್ತಿ ಕಟ್ಟಿಕೊಂಡು ಅವಳ ಹಿಂದೆ ನಡೆದಳು.