ಅತ್ತಿಗೆಯ ಬಲಗೈ ಮತ್ತು ಕೋಳಿ ರೆಕ್ಕೆ

ನಮ್ಮ ಅತ್ತಿಗೆಯ ಬಲಗೈಯಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಎಣ್ಣೆ ಸಿಡಿದ ಕಲೆಗಳಿವೆ. ಕೆಲವು ಸಜ್ಜೆ ಕಾಳಿನಷ್ಟು, ಕೆಲವು ಅವರೆ ಕಾಳಿನಷ್ಟು, ಒಂದು ಮಾತ್ರ ವೀಳ್ಯದೆಲೆಯಂತೆ ಹರಡಿಕೊಂಡಿದೆ. ಆ ಕಲೆಗಳನ್ನು ಅವರು ಎಂದೂ ಸೆರಗಿನಿಂದ ಮುಚ್ಚಿಕೊಂಡವರಲ್ಲ. ಯಾರಾದರೂ ಕೇಳಿದರೆ, ಮುಂದಿನ ಸ್ಟಾಪುಗಳ ಹೆಸರು ಹೇಳುವ ಕಂಡಕ್ಟರನ ಹಾಗೆ ಒಂದೊಂದರ ಮೇಲೂ ಬೆರಳಿಟ್ಟು ಹೇಳುತ್ತಿದ್ದರು: "ಇದು ಪೂರಿ. ಇದು ಮಿರ್ಚಿ. ಇದು ಝಂಡಾ ಏರಿಸಿದ ದಿನದ ಬೂಂದಿ. ಈ ದೊಡ್ಡದು, ವಾರ್ಡನ್ ಸಾಹೇಬ ಹಿಂದಿಂದ ಬಂದು ಒಮ್ಮಿಗೇ ಕರದ್ನಲ್ಲ, ಅದು."

ಅತ್ತಿಗೆ ನನ್ನ ಅಣ್ಣನ ಹೆಂಡತಿ. ಹಡಗಲಿ ಕಡೆಯ ಒಂದು ಹುಡುಗರ ಹಾಸ್ಟೆಲಿನಲ್ಲಿ ಅಡುಗೆಯವರಾಗಿದ್ದರು. ಅಣ್ಣ ತೀರಿಕೊಂಡು, ನೌಕರಿಯೂ ಮುಗಿದ ಮೇಲೆ ಹರಪನಹಳ್ಳಿಯ ನಮ್ಮ ಮನೆಗೆ ಬಂದರು. ಬಂದರು ಎನ್ನುವುದಕ್ಕಿಂತ ನಮ್ಮ ಅಡುಗೆಮನೆಯ ಚಾರ್ಜ್ ತೆಗೆದುಕೊಂಡರು ಎಂದರೆ ಸರಿ. ನಾನು ಕಾಲೇಜೊಂದರಲ್ಲಿ ಗುಮಾಸ್ತ, ಚಾರ್ಜ್ ಕೊಡುವುದು ತೆಗೆದುಕೊಳ್ಳುವುದು ನನಗೆ ತಿಳಿದ ವಿಷಯ. ಅಂಗನವಾಡಿ ಕೆಲಸಕ್ಕೆ ಹೋಗುವ ನನ್ನ ಹೆಂಡತಿಯಷ್ಟು ಸಂತೋಷದಿಂದ ಚಾರ್ಜ್ ಒಪ್ಪಿಸಿದವರನ್ನು ನಾನು ನಮ್ಮ ಆಫೀಸಿನಲ್ಲಿ ಇದುವರೆಗೂ ಕಂಡಿಲ್ಲ.

ಕಷ್ಟವೆಂದರೆ, ಅತ್ತಿಗೆಗೆ ಸಣ್ಣದಾಗಿ ಅಡುಗೆ ಮಾಡಲು ಬರುತ್ತಿರಲಿಲ್ಲ. ಮೊದಲ ದಿನ ಮಾಡಿದ ಸಾರು ನಮ್ಮ ಮನೆ ದಾಟಿ, ಎದುರು ಮನೆ ದಾಟಿ, ಓಣಿಯ ತುದಿಯ ಟೇಲರನ ಮನೆಯವರೆಗೆ ಹೋಯಿತು. "ಮುಷ್ಟಿ ಅಂದ್ರ ನನ್ನ ಕೈಗೆ ತಿಳಿಯಂಗಿಲ್ಲ. ಬುಟ್ಟಿ ಅನ್ರಿ, ತಿಳಿತೈತಿ" ಎನ್ನುತ್ತಿದ್ದರು.

ನಾನು ಹುಟ್ಟಾ ಚಿಂತೆಯ ಮನುಷ್ಯ. ಮೋಡ ಕವಿದರೆ ಮಾಳಿಗೆ ಸೋರೀತೆಂದು, ಬಿಸಿಲಾದರೆ ಟ್ಯಾಂಕು ಬತ್ತೀತೆಂದು ಚಿಂತಿಸುತ್ತೇನೆ. ಎರಡೂ ಇಲ್ಲದ ದಿನ, ಏನೋ ಮರೆತಿದ್ದೇನೆಂದು ಚಿಂತಿಸುತ್ತೇನೆ. ಆಫೀಸಿಗೆ ಹೋಗಲು ತೆಲಿಗಿ ಬಸ್ಸು ಹತ್ತಿ ಕೂತ ಕೂಡಲೇ ಮನೆಗೆ ಫೋನು ಮಾಡಿ, ಗ್ಯಾಸ್ ಬಂದ್ ಮಾಡಿದಿರಾ ಎಂದು ಕೇಳುವುದು ನನ್ನ ರೂಢಿ. ಅತ್ತಿಗೆ ಫೋನು ಎತ್ತಿದರೆ, "ಇಲ್ಲಪ, ಮನಿ ಸುಟ್ಟು ಹೋತು. ಬೂದಿ ಮ್ಯಾಲ ಕುಂತು ಮಾತಾಡಾಕತ್ತೀನಿ" ಎಂದು ಇಟ್ಟುಬಿಡುತ್ತಿದ್ದರು. ಅವರು ಸೊಸೆಯಾಗಿ ಬಂದಾಗ ನಾನು ಶಾಲೆಗೆ ಹೋಗುವವನು. ಅಂದು ನನ್ನನ್ನು "ಸಣ್ಣಾವ" ಎಂದು ಕರೆದರು. ಐವತ್ತು ದಾಟಿ, ತಲೆಯ ನಡುವೆ ಬಯಲಾದರೂ ನಾನು ಅವರಿಗೆ ಸಣ್ಣಾವನೇ.

ಕೋಳಿ ಮಾಡಿದ ದಿನ ನಮ್ಮ ಮನೆಯಲ್ಲಿ ಯಾರಿಗೆ ಯಾವ ತುಂಡು ಎಂಬುದು ಮೊದಲೇ ಗೊತ್ತಾದದ್ದು. ತೊಡೆ ಅಳಿಯನಿಗೋ ಬಂದ ನೆಂಟನಿಗೋ, ಕಾರ್ಜ ಎನ್ನುವ ಲಿವರ್ ಹಿರಿಯರಿಗೆ, ಕತ್ತು ರೆಕ್ಕೆಗಳು ಒಲೆಯ ಮುಂದೆ ಕೂತವಳಿಗೆ. ಒಲೆಯ ಮುಂದೆ ಕೂತವರು ಯಾವಾಗಲೂ ಅತ್ತಿಗೆ. ಮೊಬೈಲಿನಲ್ಲಿ ಇಂಥದರ ಬಗ್ಗೆ ಯಾರೋ ಬರೆದದ್ದನ್ನು ಓದಿ ಕಣ್ಣು ತುಂಬಿಕೊಂಡ ನಾನು, ಒಂದು ಭಾನುವಾರ ಅವರ ತಟ್ಟೆಗೆ ತೊಡೆ ಹಾಕಿದೆ. ಒಂದು ತುತ್ತು ತಿಂದು ಅದನ್ನು ನನ್ನ ತಟ್ಟೆಗೇ ವಾಪಸು ಹಾಕಿದರು. "ಹತ್ತಿ ಜಗಿದಂಗ ಐತಿ. ರುಚಿ ಎಲುಬಿನ ಹತ್ರ ಇರ್ತೈತಿ. ತಗಿಯಾಕ ಪುರುಸೊತ್ತು ಬೇಕಷ್ಟ. ನನ್ನ ರೆಕ್ಕಿ ನನಗ ಕೊಡು."

ಹೋದ ವರ್ಷ ಒಂದು ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳ ನಡುವೆಯೇ ನಿಂತಿತು. ನಾನು ಗಡ್ಡ ಹೆರೆದುಕೊಳ್ಳುತ್ತಿದ್ದೆ. ಹೋಗಿ ನೋಡಿದರೆ, ಅತ್ತಿಗೆ ಅರ್ಧ ಬಡಿದ ರೊಟ್ಟಿಯ ಮೇಲಿದ್ದ ತಮ್ಮ ಬಲಗೈಯನ್ನು ಬೇರೆ ಯಾರದೋ ಕೈ ನೋಡುವಂತೆ ನೋಡುತ್ತಿದ್ದರು. ದಾವಣಗೆರೆಯ ಆಸ್ಪತ್ರೆಯಲ್ಲಿ ಸಣ್ಣ ಲಕ್ವ ಎಂದರು. ಮಾತು ಸರಿಹೋಯಿತು, ಕಾಲೂ ಸರಿಹೋಯಿತು, ಬಲಗೈ ಮಾತ್ರ ಹಿಂದುಳಿಯಿತು. ತೋಳು ಏಳುತ್ತಿತ್ತು, ಬೆರಳು ಮಡಚುತ್ತಿರಲಿಲ್ಲ. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು ಹೇಳಿದರು: "ಈ ಕೆಲವು ತಿಂಗಳು ಕೈಗೆ ಕೆಲಸ ಕೊಡಿ. ಸುಮ್ಮನೆ ಬಿಟ್ಟರೆ ಬೆರಳು ಹಾಗೇ ಗಟ್ಟಿಯಾಗಿಬಿಡುತ್ತವೆ."

ಕೆಲಸ ಕೊಡಿ ಎಂದದ್ದು ನನಗೂ ಕೇಳಿಸಿತ್ತು. ಆದರೆ ಮನೆಗೆ ಬರುವ ಹೊತ್ತಿಗೆ ನನ್ನ ಕಣ್ಣ ಮುಂದೆ ಇದ್ದದ್ದು ಕುದಿಯುವ ಎಣ್ಣೆ, ಹಿಡಿಯಲಾರದ ಕೈ, ಹತ್ತಿಕೊಂಡ ಸೆರಗು. ಬೆಂಕಿ, ಎಣ್ಣೆ ಎರಡರ ಹತ್ತಿರವೂ ಅತ್ತಿಗೆ ಹೋಗಕೂಡದೆಂದು ಹುಕುಂ ಹೊರಡಿಸಿದೆ. ಅಷ್ಟಕ್ಕೂ ನೆಮ್ಮದಿಯಾಗದೆ ಗ್ಯಾಸ್ ಲೈಟರನ್ನು ಜೇಬಿಗೆ ಹಾಕಿಕೊಂಡು ಆಫೀಸಿಗೆ ಹೋಗತೊಡಗಿದೆ. ಒಂದು ದಿನ ಪ್ರಿನ್ಸಿಪಾಲರ ಮುಂದೆ ಪೆನ್ನೆಂದು ತಿಳಿದು ಅದನ್ನು ತೆಗೆದು ಒತ್ತಿದೆ, ಚಟ್ಟೆಂದು ಕಿಡಿ ಹಾರಿತು. ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು.

ಅತ್ತಿಗೆ ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. "ಈ ವಯಸ್ಸಿನಾಗ ನನ್ನ ಕ್ರಿಕೆಟ್ ಆಡಸ್ತಾರೇನು" ಎಂದು ಚೆಂಡನ್ನು ಮಂಚದ ಕೆಳಗೆ ಉರುಳಿಸಿ, ಪಡಸಾಲೆಯ ಕುರ್ಚಿಯಲ್ಲಿ ಕೂತರು. ದಿನ ಕಳೆದಂತೆ ಮಾತು ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು. ಭಾನುವಾರದ ರೆಕ್ಕೆಗಳು ತಟ್ಟೆಯ ಅಂಚಿನಲ್ಲಿ ಹಾಗೇ ಉಳಿದವು. ನನ್ನ ಹೆಂಡತಿ ಎದುರು ಕೂತು, ಸಾರು ಸರಿ ಆಗಿಲ್ಲೇನಕ್ಕ ಎಂದು ಕೇಳಿದಳು.

"ಸಾರು ಚಲೋ ಐತವ್ವ. ಉಣ್ಣಾಕ ಬಾಯಿ ಇದ್ರ ಸಾಲದು. ಮಾಡದ ಕೈ ಉಣ್ಣಾಕೂ ನಾಚ್ತೈತಿ" ಎಂದರು.

ಅವಳು ಅಡುಗೆಮನೆಗೆ ಬಂದು ಇದನ್ನು ನನಗೆ ಹೇಳಿ, "ಕೈ ಹೋದ್ರ ಹೋಗ್ಲಿ ಅಂತ ಕುಂತಾಳ ಆಕಿ. ನಿಮ್ಮ ಹೆದರಿಕಿ ಆಕಿ ಕೈ ಕಟ್ಟೈತಿ" ಎಂದಳು. ನಾನು ಏನು ಮಾಡಬೇಕೆಂದು ತಿಳಿಯದೆ, ನನಗೆ ತಿಳಿದ ಒಂದೇ ಕೆಲಸ ಮಾಡಿದೆ. ಚಿಂತಿಸಿದೆ.

ಅದೇ ಸುಮಾರಿಗೆ ನನ್ನ ರಕ್ತದಲ್ಲಿ ಕೊಬ್ಬು ಹೆಚ್ಚಾಗಿದೆಯೆಂದು ವರದಿ ಬಂತು. ಕರಿದದ್ದು ಬಂದ್. ಮಂಡಕ್ಕಿ ಮಿರ್ಚಿ ಇಲ್ಲದೆ ಸಂಜೆ ಕಳೆಯುವುದು ಹೇಗೆಂದು ತಿಳಿಯದ ನಾನು ಆನ್‌ಲೈನಿನಲ್ಲಿ ಒಂದು ಏರ್ ಫ್ರೈಯರ್ ತರಿಸಿದೆ. ದಪ್ಪ ಹೊಟ್ಟೆಯ ಕರಿ ಪೆಟ್ಟಿಗೆ. ಮುಂದೆ ಒಂದು ಹಿಡಿಕೆ. ಹಿಡಿದು ಎಳೆದರೆ ಮೇಜಿನ ಖಾನೆಯಂತೆ ಜಾಲರಿಯ ಬುಟ್ಟಿ ಹೊರಗೆ ಬರುತ್ತದೆ. ಜೊತೆಗೆ ಬಂದ ಪುಸ್ತಿಕೆಯಲ್ಲಿ ಅಪಾಯಗಳ ಪುಟವನ್ನು ಮಾತ್ರ ಮತ್ತೆ ಮತ್ತೆ ಓದಿದೆ. ಕೋಳಿ ರೆಕ್ಕೆ ಗರಿಗರಿಯಾಗುತ್ತದೆ ಎಂದು ಡಬ್ಬಿಯ ಮೇಲೆ ಚಿತ್ರವಿತ್ತು. ಅತ್ತಿಗೆ ರೆಕ್ಕೆಯಾದರೂ ತಿಂದಾರೆಂದು ಒಂದು ಆಸೆಯೂ ಇತ್ತು.

ನಮ್ಮ ಕಡೆಯವರಿಗೆ ಗರಿಗರಿ ಎಂದರೆ ಮಿರ್ಚಿ, ಮಿರ್ಚಿ ಎಂದರೆ ಕಡ್ಲೆಹಿಟ್ಟು. ಬೇರೆ ಯೋಚನೆಯೇ ಬರಲಿಲ್ಲ. ಅಂಗಡಿಯವನು ಎಂದಿನಂತೆ ತೊಗಲು ಸುಲಿದು ಕೊಟ್ಟ ರೆಕ್ಕೆಗಳನ್ನು ಅಜವಾನ, ಸೋಡಾ ಹಾಕಿ ಕಲಸಿದ ಹಿಟ್ಟಿನಲ್ಲಿ ಅದ್ದಿ ಅದ್ದಿ ಬುಟ್ಟಿಗೆ ಹಾಕಿ ಗುಂಡಿ ಒತ್ತಿದೆ. ಹಿಟ್ಟು ರೆಕ್ಕೆಗಳನ್ನು ಬಿಟ್ಟು ಜಾಲರಿಯ ಕಿಂಡಿಗಳಲ್ಲಿ ಕೆಳಗಿಳಿದು, ಅಲ್ಲಿ ಕೂತು ಸುಡತೊಡಗಿತು. ಪೆಟ್ಟಿಗೆಯ ಹಿಂದಿನಿಂದ ಹೊಗೆ ಬಂತು.

"ಏನ್ ಸುಡಾಕತ್ತೀಯಲೇ ಸಣ್ಣಾವಾ?" ಪಡಸಾಲೆಯಿಂದ ದನಿ ಬಂತು. ಎಷ್ಟೋ ದಿನಗಳ ಮೇಲೆ ಅವರಾಗಿ ಆಡಿದ ಮಾತು.

"ರೆಕ್ಕಿ ಅತ್ತಿಗಿ. ಗರಿಗರಿ ಆಗ್ತಾವಂತ."

"ವಾಸ್ನಿ ನೋಡಿದ್ರ ಬಸ್ಸಿನ ಬ್ರೇಕ್ ಸುಟ್ಟಂಗ ಐತಿ."

ಗೋಡೆ ಹಿಡಿದುಕೊಂಡು ಬಂದು ಬುಟ್ಟಿಯಲ್ಲಿ ಇಣುಕಿದರು. ಬತ್ತಲಾದ ರೆಕ್ಕೆಗಳು ಹುಣಸೆಕಾಯಿಯಂತೆ ಒಣಗಿ ಬಿದ್ದಿದ್ದವು.

"ಎಣ್ಣಿ ಎಲ್ಲೈತಿ?"

"ಎಣ್ಣಿ ಇಲ್ಲ. ಬಿಸಿ ಗಾಳ್ಯಾಗ ಬೇಯ್ತೈತಿ."

"ಗಾಳ್ಯಾಗ ಹಿಟ್ಟು ಹೆಂಗ ನಿಂದರ್ತೈತಲೇ? ಕಾದ ಎಣ್ಣಿ ಗಪ್ಪನ ಹಿಡಿತೈತಿ ಅಂತ ಮಿರ್ಚಿ ಹಿಟ್ಟು ನಿಂದರ್ತೈತಿ. ಇಲ್ಲಿ ಯಾರು ಹಿಡೀಬೇಕು ಅದನ್ನ, ನೀನೋ?" ಎಡಗೈಯಿಂದ ಒಂದು ರೆಕ್ಕೆ ಎತ್ತಿ ಕಚ್ಚಿ ನೋಡಿ ಇಟ್ಟರು. "ಇದನ್ನ ನಾಯಿಗೆ ಹಾಕಿದ್ರ ನಮ್ಮ ಮ್ಯಾಲ ಕೇಸ್ ಮಾಡ್ತೈತಿ."

ಪೆಟ್ಟಿಗೆಯ ಹಿಂದೆ ಮುಂದೆ ಬಗ್ಗಿ ನೋಡಿದರು. ಆಮೇಲೆ ಕೇಳಿದರು:

"ಇದಕ್ಕ ಬೆಂಕಿ ಇಲ್ಲ?"

"ಇಲ್ಲ."

"ಎಣ್ಣಿನೂ ಇಲ್ಲ?"

"ಇಲ್ಲ ಅತ್ತಿಗಿ."

"ಹಂಗಾರ ನಿನ್ನ ಹುಕುಂ ಇದಕ್ಕ ಹತ್ತಂಗಿಲ್ಲ."

ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋದಳು. ಮೂವತ್ತು ವರ್ಷ ಆಫೀಸಿನಲ್ಲಿ ಆದೇಶಗಳನ್ನು ಬರೆದವನಿಗೆ, ತನ್ನ ಆದೇಶದಲ್ಲೇ ಇಷ್ಟು ದೊಡ್ಡ ಕಿಂಡಿ ಇದ್ದದ್ದು ತಿಳಿದಿರಲಿಲ್ಲ.

ಮುಂದಿನ ಭಾನುವಾರ ಕೋಳಿ ಅಂಗಡಿಗೆ ಅವರೇ ಬಂದರು. ತೊಗಲು ಇರಲಿ ಎಂದದ್ದಕ್ಕೆ ಅಂಗಡಿಯವನು ಕತ್ತಿ ಕೆಳಗಿಟ್ಟ. "ತೊಗಲು ಸಮೇತ ಯಾರೂ ಒಯ್ಯಂಗಿಲ್ಲಬೇ. ಫಾರಂ ಕೋಳಿ ಅದು."

"ನಾಟಿ ಕೋಳಿ ಸುಟ್ಟು ಅರಿಶಿಣ ಹಚ್ಚಿ ಕೊಡ್ತಿಯಿಲ್ಲೋ? ಇದಕ್ಕೂ ಹಂಗ ಮಾಡು. ಅದೂ ಕೋಳಿನ ಐತಿ, ಫಾರಮ್ಮಿನಾಗ ಹುಟ್ಟಿದ್ದು ಅದರ ತಪ್ಪಲ್ಲ."

ಎಣ್ಣೆ ಹಾಕದಿದ್ದರೆ ತೊಗಲಿನ ಕೊಬ್ಬೇ ಎಣ್ಣೆಯಾಗಬೇಕು ಎಂಬುದು ಅವರ ಲೆಕ್ಕ. ರೆಕ್ಕೆಗಳನ್ನು ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿದರು. ಉಪ್ಪು, ಬ್ಯಾಡಗಿ ಖಾರ, ಬೆಳ್ಳುಳ್ಳಿ, ಮೇಲೆ ಇಷ್ಟೇ ಇಷ್ಟು ಅಕ್ಕಿ ಹಿಟ್ಟು. ಎಲ್ಲ ಎಡಗೈಯಲ್ಲಿ. ಇಲ್ಲಿಯವರೆಗೆ ಸರಿಯಾಗಿತ್ತು. ಆಮೇಲೆ ಹಾಸ್ಟೆಲಿನ ಕೈ ಎದ್ದು ಬಂತು. ತಂದ ರೆಕ್ಕೆಗಳನ್ನೆಲ್ಲ ಒಂದೇ ಸಲಕ್ಕೆ ಬುಟ್ಟಿಯಲ್ಲಿ ಒತ್ತಿ ತುಂಬಿದರು. ನಾನು ಪುಸ್ತಿಕೆ ಹಿಡಿದು ಬಾಯಿ ತೆರೆದೆ. ಅವರು ನೋಡಿದ ನೋಟಕ್ಕೆ ಮುಚ್ಚಿದೆ. ಮೇಲಿನವು ಕಪ್ಪಾದವು, ಕೆಳಗಿನವು ನೀರು ಬಿಟ್ಟುಕೊಂಡು ಬೆಂದವು.

ಅತ್ತಿಗೆ ಬುಟ್ಟಿಯನ್ನು ನೋಡಿದರು. "ಸಂತಿ ದಿನದ ಬಸ್ಸು ತುಂಬಿದಂಗ ತುಂಬೀನಿ. ಟಾಪ್ ಮ್ಯಾಲ ಕುಂತಾವು ಬಿಸಿಲಿಗೆ ಸುಟ್ಟಾವ, ಒಳಗ ನಿಂತಾವು ಬೆವತಾವ" ಎಂದು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ದಿನ ಹದಗೆಟ್ಟ ರೆಕ್ಕೆಗಳನ್ನೇ ತಿಂದರು, ಎಲುಬು ಕಡಿದು ತಿಂದರು.

ಒಂದು ಸಲಕ್ಕೆ ಏಳೆಂಟೇ ರೆಕ್ಕೆ, ನಡುವೆ ಜಾಗ. ಇಷ್ಟು ಕಲಿಯಲು ನೂರಾರು ಮಂದಿಗೆ ಉಣಬಡಿಸಿದವರಿಗೆ ಕೆಲವು ವಾರ ಹಿಡಿಯಿತು. "ಇದು ಅಡಗಿ ಅಲ್ಲ, ಪಾಕಿಟಿನಾಗ ಗುಳಿಗಿ ಜೋಡಿಸಿದಂಗ" ಎಂದು ಬೈಯುತ್ತಲೇ ಜೋಡಿಸುತ್ತಿದ್ದರು. ಅರ್ಧ ಬೆಂದಾಗ ಬುಟ್ಟಿ ಎಳೆದು ಒಮ್ಮೆ ಕುಲುಕಬೇಕು. ಎಡಗೈ ಒಂದರಿಂದಲೇ ಎಳೆದರೆ ಬುಟ್ಟಿ ವಾಲುತ್ತಿತ್ತು. ಅದಕ್ಕೆ ಬಲಗೈಯನ್ನು ಎತ್ತಿ ಹಿಡಿಕೆಯ ಮೇಲಿಟ್ಟು, ಎಡಗೈಯಿಂದ ಅದರ ಬೆರಳುಗಳನ್ನು ಒಂದೊಂದಾಗಿ ಮಡಚಿ ಕೂಡಿಸುತ್ತಿದ್ದರು, ಮಲಗಿದ ಮಕ್ಕಳಿಗೆ ಹೊದಿಕೆ ಸರಿಮಾಡುವವರ ಹಾಗೆ. ಆಮೇಲೆ ಎರಡೂ ಕೈಯಿಂದ ಎಳೆಯುತ್ತಿದ್ದರು. ಭಾನುವಾರದ ರೆಕ್ಕೆ ಮುಗಿದರೆ ವಾರದ ನಡುವೆ ಆಲೂಗಡ್ಡೆ, ಶೇಂಗಾ, ಹಪ್ಪಳ. ಪೆಟ್ಟಿಗೆಗೆ ಪುರುಸೊತ್ತಿರಲಿಲ್ಲ. ರಬ್ಬರ್ ಚೆಂಡು ಮಂಚದ ಕೆಳಗೆ ಧೂಳು ತಿನ್ನುತ್ತಿತ್ತು. ನನ್ನ ರಕ್ತದ ಕೊಬ್ಬಿನ ಸಂಗತಿ ಕೇಳಬೇಡಿ.

ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ಬುಟ್ಟಿ ಹೊರಬರುವಾಗೆಲ್ಲ ಒದ್ದೆ ಬಟ್ಟೆ ಸುತ್ತಿದ ಕೈಯನ್ನು ಅದರ ಕೆಳಗೆ ಚಾಚುತ್ತಿದ್ದೆ. "ಹೆರಿಗಿ ಮಾಡಸಾಕ ನಿಂತಂಗ ನಿಂದರ್ತಿ ನೋಡು" ಎಂದು ಅತ್ತಿಗೆ ಬೈಯುತ್ತಿದ್ದರು. ನಾನು ಚಾಚುವುದನ್ನು ಬಿಡಲಿಲ್ಲ.

ಈ ಸಲ ಯುಗಾದಿಯ ಮರುದಿನ, ಕರಿಯ ದಿನ, ಅತ್ತಿಗೆಯ ಮಗಳು ಅಳಿಯ ಚಿಗಟೇರಿಯಿಂದ ಬಂದರು. ಕರಿ ಎಂದರೆ ನಮ್ಮಲ್ಲಿ ಬಾಡಿನೂಟ, ಅಳಿಯನ ತಟ್ಟೆಗೆ ತೊಡೆ. ಸಾರನ್ನು ನನ್ನ ಹೆಂಡತಿ ಮಾಡಿದ್ದಳು. ಅತ್ತಿಗೆ ಮಾತ್ರ ಇವತ್ತು ಮೊದಲು ಎಲ್ಲರಿಗೂ ರೆಕ್ಕೆ ಎಂದು ಹೇಳಿಬಿಟ್ಟರು.

"ಅತ್ತಿ, ಅಳಿಯಗ ರೆಕ್ಕಿ ಕೊಟ್ರ ಊರಾಗ ಏನಂತಾರ?" ಎಂದ ಅಳಿಯ.

"ಹಾರಿ ಹೋದ ಅಂತಾರ. ತೊಡಿ ಸಾರಿನಾಗ ಅದಾವಪ, ಎಲ್ಲೂ ಓಡಂಗಿಲ್ಲ. ಇದನ್ನ ತಿಂದ ಮ್ಯಾಲ ಬೇಕು ಅಂದ್ರ ಕೇಳು."

ಪೆಟ್ಟಿಗೆಯಲ್ಲಿ ಒಂದು ಸಲಕ್ಕೆ ಹಿಡಿಯುವುದು ಏಳೆಂಟು. ಹಾಗಾಗಿ ಸಾಲಾಗಿ ಕೂತು ಉಣ್ಣಬೇಕಾದವರೆಲ್ಲ ಎದ್ದು ಬಂದು ಅಡುಗೆಮನೆಯಲ್ಲಿ ಪೆಟ್ಟಿಗೆಯ ಸುತ್ತ ತಟ್ಟೆ ಹಿಡಿದು ನಿಂತರು. ಮೊದಲ ಬುಟ್ಟಿ ಖಾಲಿಯಾಯಿತು, ಎರಡನೆಯದೂ ಆಯಿತು. ಅಳಿಯ ತೊಡೆಯ ಮಾತೆತ್ತಲಿಲ್ಲ, ಖಾಲಿ ತಟ್ಟೆ ಚಾಚಿ ಮುಂದಿನ ಗಾಡಿ ಎಷ್ಟೊತ್ತಿಗೆ ಎಂದು ಕೇಳಿದ. ಅತ್ತಿಗೆಯ ಮುಖದ ಮೇಲೆ ಬೆವರು, ಬಾಯಲ್ಲಿ ಬೈಗುಳ. ನಾನು ಹುಡುಗನಾಗಿದ್ದಾಗ ಹಾಸ್ಟೆಲಿಗೆ ಹೋಗಿ ಕಂಡಿದ್ದ ಅದೇ ಅತ್ತಿಗೆ.

ಪೆಟ್ಟಿಗೆ ಟಿಣ್ ಎಂದಿತು. ಅವರ ಎಡಗೈಯಲ್ಲಿ ಇಕ್ಕಳವಿತ್ತು. ಬಲಗೈ ಎದ್ದು ಹೋಗಿ ಹಿಡಿಕೆಯ ಮೇಲೆ ಕೂತಿತು. ಬೆರಳುಗಳನ್ನು ಯಾರೂ ಮಡಚಲಿಲ್ಲ. ಅವೇ ನಿಧಾನವಾಗಿ, ಒಂದರ ಹಿಂದೆ ಒಂದು ಮಡಚಿಕೊಂಡವು. ನಾನು ಎಂದಿನಂತೆ ಕೆಳಗೆ ಕೈ ಚಾಚಿದೆ.

"ಕೈ ತಗಿ."

"ಬಿಸಿ ಐತಿ ಅತ್ತಿಗಿ..."

"ಗೊತ್ತೈತಿ. ಕೈ ತಗಿ."

ದನಿ ಏರಿರಲಿಲ್ಲ. ಸುತ್ತ ನಿಂತವರು ಎಲುಬು ಕಡಿಯುವುದರಲ್ಲಿದ್ದರು, ಯಾರಿಗೂ ಕೇಳಿಸಲಿಲ್ಲ. ಸುಟ್ಟುಕೊಂಡರೆ, ಬುಟ್ಟಿ ಕಾಲ ಮೇಲೆ ಬಿದ್ದರೆ, ಆ ಭಯಕ್ಕೆ ಕೈ ಮತ್ತೆ ಸತ್ತರೆ, ದಾವಣಗೆರೆಗೆ ಈ ಹೊತ್ತಿನಲ್ಲಿ ಯಾವ ಗಾಡಿ ಸಿಕ್ಕೀತು. ಇಷ್ಟನ್ನೂ ಚಿಂತಿಸಿ ಮುಗಿಸಿ, ಕೈ ತೆಗೆದೆ.

ಬುಟ್ಟಿ ಹೊರಗೆ ಬಂತು. ಒಮ್ಮೆ ಬಲಕ್ಕೆ ವಾಲಿತು, ಅತ್ತಿಗೆ ತುಟಿ ಕಚ್ಚಿದರು, ನೇರವಾಯಿತು. ಆಮೇಲೆ, ಬೇಕಿರದಿದ್ದರೂ, ಅದನ್ನೊಮ್ಮೆ ಕುಲುಕಿದರು. ರೆಕ್ಕೆಗಳು ಒಣ ಎಲೆಗಳಂತೆ ಸದ್ದು ಮಾಡಿದವು.

ಚಿಕ್ಕವನಿದ್ದಾಗಿನಿಂದ ಅವರ ಕೈಯ ಅನ್ನ ಉಂಡವನು ನಾನು. ನನ್ನ ಋಣವೆಲ್ಲ ಆ ಅನ್ನದ್ದೆಂದು ತಿಳಿದಿದ್ದೆ. ಪ್ರೀತಿಸುವವರ ಕೆಳಗೆ ಸದಾ ಕೈ ಚಾಚಿಕೊಂಡು ನಿಲ್ಲುವುದೊಂದೇ ದಾರಿಯಲ್ಲ, ಹೊತ್ತು ಬಂದಾಗ ತೆಗೆಯಲೂ ಬೇಕು ಎಂದು ಈ ವಯಸ್ಸಿನಲ್ಲಿ ತಿಳಿಸಿಕೊಟ್ಟದ್ದು ಅದಕ್ಕಿಂತ ದೊಡ್ಡ ಋಣ. ಹಾಗೆಂದು ನನ್ನ ಚಿಂತೆ ನಿಂತಿದೆಯೆಂದಲ್ಲ. ಮೊನ್ನೆ ಅವರು ಒಬ್ಬರೇ ಚಿಗಟೇರಿ ಬಸ್ಸು ಹತ್ತಿದಾಗ ಕಿಟಕಿಯ ಹತ್ತಿರ ಓಡಿ ಓಡಿ ಹೇಳಬೇಕಾದ್ದನ್ನೆಲ್ಲ ಹೇಳಿದ್ದೇನೆ.

ಆದರೆ ಆ ಕರಿಯ ದಿನ, ತೆಗೆದ ಕೈಯನ್ನು ಎಲ್ಲಿಡಬೇಕೆಂದು ತೋಚದೆ ನಿಂತಿದ್ದೆ. ಅತ್ತಿಗೆ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು ನನ್ನ ಕಡೆ ತಿರುಗಿದರು.

"ಎಲ್ಲಾರೂ ತಿನ್ನಾಕತ್ಯಾರ, ನಿನ್ನ ತಾಟು ಎಲ್ಲೈತಿ?"

ತಟ್ಟೆ ತಂದು ಹಿಡಿದೆ. ಬಲಗೈಗೆ ಇಕ್ಕಳ ದಾಟಿಸಿಕೊಂಡರು. ಮೊದಲ ರೆಕ್ಕೆ ಜಾರಿ ಬುಟ್ಟಿಗೇ ಬಿತ್ತು. ನಾನು ತಟ್ಟೆಯನ್ನು ಮುಂದೆ ಸರಿಸಲಿಲ್ಲ, ಕಾದೆ. ಎರಡನೆಯ ಸಲಕ್ಕೆ ಹಿಡಿತ ಸಿಕ್ಕಿತು.