ಎಲ್ಲಿಂದ ಎಂದು ಕೇಳುವ ಅತ್ತಿಗೆ

ನನ್ನ ಗಂಡನ ಅಕ್ಕ, ನನಗೆ ಅತ್ತಿಗೆ, ಕಾಲೇಜಿನಲ್ಲಿ ಪ್ರಬಂಧ ಬರೆಯುವುದನ್ನು ಕಲಿಸುತ್ತಾರೆ. ಬೇರೆಯವರ ಮಾತನ್ನು ಯಾರಾದರೂ ತಮ್ಮದೆಂಬಂತೆ ಬರೆದಿದ್ದರೆ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಎಲ್ಲಿಂದ?’ ಎಂದು ಗೀಚುತ್ತಾರೆ. ಹಾಗಾಗಿ ಹುಡುಗರ ಬಾಯಲ್ಲಿ ಅವರು ‘ಎಲ್ಲಿಂದ ಮೇಡಂ’. ಮನೆಯಲ್ಲೂ ಆ ಚಾಳಿ ಬಿಟ್ಟಿಲ್ಲ. ನನ್ನ ಮಗಳು ಒಮ್ಮೆ ಹೊಸದೊಂದು ಬೈಗುಳ ಉದುರಿಸಿದಾಗ, "ಇದನ್ನ ಎಲ್ಲಿಂದ ಕಲಿತೆ ಚಿನ್ನಾ?" ಅಂದರು.

"ನಿಮ್ಮ ತಮ್ಮನಿಂದ ಅಂತ ಅಡಿಟಿಪ್ಪಣಿ ಹಾಕ್ಕೊಳ್ಳಿ," ಅಂದೆ. ನನ್ನವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ಕಳೆದ ತಿಂಗಳು ಮಾತ್ರ ಆ ಪ್ರಶ್ನೆ ಅತ್ತಿಗೆಯ ಗಂಟಲಲ್ಲೇ ಸಿಕ್ಕಿಕೊಂಡಿತು.

ಒಬ್ಬ ಹುಡುಗಿ ಕರಡು ಪ್ರಬಂಧ ಕೊಟ್ಟಿದ್ದಳು. ವಿಷಯ, ಕಾಯುವುದು. ಅದರಲ್ಲೊಂದು ಕಡೆ ಹೀಗಿತ್ತು: ‘ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ಗಡಿಯಾರ ನೋಡುವುದಿಲ್ಲ, ಬಾಗಿಲು ನೋಡುತ್ತಾರೆ.’ ಈ ಮಾತನ್ನು ಅತ್ತಿಗೆ ಮೊದಲು ಓದಿದ್ದು ಇದೇ ಹುಡುಗಿಯ ಅಕ್ಕನ ಪ್ರಬಂಧದಲ್ಲಿ. ಆಗಲೂ ಎಲ್ಲಿಂದ ಎಂದು ಕೇಳಿದ್ದರಂತೆ. "ಎಲ್ಲಿಂದಲೂ ಅಲ್ಲ ಮೇಡಂ, ನಾನೇ ಕೂತಿದ್ದೆ," ಅಂದಿದ್ದಳಂತೆ ಆ ಅಕ್ಕ. ಓದು ಮುಗಿಯುವ ಮೊದಲೇ ಕಾಯಿಲೆ ಅವಳನ್ನು ಕೊಂಡೊಯ್ದಿತ್ತು.

ತಂಗಿ ಅತ್ತಿಗೆ ಕಲಿಸುವ ವಿಷಯದಲ್ಲಿ ಒಮ್ಮೆ ಫೇಲಾದವಳು. ಕರಡಿನಲ್ಲಿದ್ದದ್ದನ್ನೇ ಕೊನೆಯ ಪ್ರತಿಯಾಗಿ ಕೊಟ್ಟು, ಅದು ಕದ್ದದ್ದು ಎಂದಾದರೆ ಸೊನ್ನೆ. ಮತ್ತೆ ಫೇಲಾದರೆ ಕಾಲೇಜೇ ಬಿಡಬೇಕು.

"ಕಣ್ಣು ಮುಚ್ಕೊಂಡುಬಿಡಿ ಅತ್ತಿಗೆ," ಅಂದೆ. "ಒಡಹುಟ್ಟಿದವಳದು ತಾನೇ. ಆ ಮನೆಯೋರು ಅನುಭವಿಸಿದ್ದು ಸಾಲದಾ?"

"ನೀನು ಹೆತ್ತವಳು, ಹಾಗೇ ಅನ್ಸುತ್ತೆ," ಅಂದರು. ಆ ದಿನ ಊಟ ಸೇರಲಿಲ್ಲ ಅವರಿಗೆ.

ಮಾರನೆಯ ಸಂಜೆ ಹುಡುಗಿಯನ್ನು ಮನೆಗೇ ಕರೆಸಿದರು. ಪಕ್ಕದ ಕೋಣೆಯಲ್ಲಿ ಮಗಳನ್ನು ತಟ್ಟಿ ಮಲಗಿಸುತ್ತಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು.

"ನಾನು ಕದ್ದಿಲ್ಲ ಮೇಡಂ. ಅಕ್ಕನ ಬಟ್ಟೆ ಹಾಕ್ಕೋತೀನಿ, ಅವಳ ಮಂಚದ ಮೇಲೇ ಮಲಗ್ತೀನಿ. ಯಾರೂ ಏನೂ ಅನ್ನಲ್ಲ. ಒಂದು ಮಾತು ತಗೊಂಡ್ರೆ ತಪ್ಪಾ?"

ಅತ್ತಿಗೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ ಸದ್ದಾಯಿತು.

"ಬಟ್ಟೆ ಯಾರದು ಅಂತ ನಿಮ್ಮಮ್ಮನಿಗೆ ಗೊತ್ತಾಗುತ್ತೆ. ಈ ಮಾತು ಯಾರದು ಅಂತ ಓದೋರಿಗೆ ಹೇಗಮ್ಮ ಗೊತ್ತಾಗುತ್ತೆ? ನಿನ್ನ ಹೆಸರಲ್ಲಿ ಹೋದ್ರೆ ಅವಳು ಇದನ್ನ ಬರೆದೇ ಇಲ್ಲ ಅಂದ ಹಾಗೆ."

ಹುಡುಗಿ ಬಿಕ್ಕಿದಳು. "ಅದು ಪುಸ್ತಕ ಅಲ್ವಲ್ಲ ಮೇಡಂ, ಹೆಸರು ಹಾಕೋಕೆ?"

"ಅಚ್ಚಾಗಿರಲೇಬೇಕು ಅಂತ ಯಾರು ಹೇಳಿದ್ದು? ಅವಳ ಮಾತನ್ನ ಉದ್ಧರಣ ಚಿಹ್ನೆಯ ಒಳಗಿಡು. ಆಕರಗಳ ಪಟ್ಟೀಲಿ ಅವಳ ಹೆಸರು, ಪ್ರಬಂಧದ ಹೆಸರು, ಇಸವಿ ಬರೆದು ಅಪ್ರಕಟಿತ ಅಂತ ಹಾಕು. ಉಳಿದದ್ದು ನೀನು ಕಂಡಿದ್ದು ಬರಿ. ನೀನೂ ಕಾದವಳೇ ಅಲ್ವಾ?"

"ನಂಗೆ ಅವಳ ಹಾಗೆ ಬರಿಯೋಕೆ ಬರಲ್ಲ."

"ಬರೋದು ಬೇಡ. ನಿನ್ನದಾಗಿದ್ರೆ ಸಾಕು."

ಅವಳು ಹೋದ ಮೇಲೆ, "ಪಾಸಾಗ್ತಾಳಾ?" ಎಂದು ಕೇಳಿದೆ. "ಗೊತ್ತಿಲ್ಲ," ಅಂದರು. ಆ ಕ್ಷಣ ಅತ್ತಿಗೆ ಕಲ್ಲಿನಂತೆ ಕಂಡರು ನನಗೆ.

ಇವತ್ತು ಹುಡುಗಿ ಬಂದಿದ್ದಳು. ಪಾಸಾಗಿದ್ದಾಳೆ, ಕೂದಲೆಳೆಯ ಅಂತರದಲ್ಲಿ. ಪ್ರಬಂಧವನ್ನು ಅಮ್ಮನಿಗೆ ತೋರಿಸಿದಳಂತೆ.

"ಅಮ್ಮ ಮೊದಲು ಆಕರಗಳ ಪಟ್ಟಿ ಇರೋ ಕೊನೇ ಪುಟ ತೆಗೆದ್ರು ಮೇಡಂ. ಅಕ್ಕನ ಹೆಸರ ಮೇಲೆ ಬೆರಳಿಟ್ಟು, ‘ಇವಳ ಹಿಂದೆ ಮುಂದೆ ಇರೋರೆಲ್ಲ ಯಾರೇ?’ ಅಂದ್ರು. ಪುಸ್ತಕ ಬರೆದೋರಮ್ಮ ಅಂದೆ. ಆಮೇಲೆ ನಾನು ಬರೆದಿದ್ದನ್ನ ಮೊದಲಿಂದ ಓದೋಕೆ ಶುರು ಮಾಡಿದ್ರು."