ಸುರಗಿ ಗಿಡದ ಕಪ್ಪು ಚುಕ್ಕೆ

ಹೆತ್ತೂರಿನ ಆಚೆಯ ಆ ಎಸ್ಟೇಟಿನಲ್ಲಿ ಔಷಧಿ ಹೊಡೆಯುವುದೆಂದರೆ ಸಿದ್ದಯ್ಯನೇ. ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹದ ಮಾಡುವುದರಲ್ಲೇ ಮೂವತ್ತು ವರ್ಷ ಸವೆಸಿದ್ದ. ಉಳಿದವರು ಎಲೆಯ ಮೇಲ್ಭಾಗ ತೋಯಿಸಿ ಕೈತೊಳೆದುಕೊಂಡರೆ, ಇವನು ಬಗ್ಗಿ ಪ್ರತಿ ಎಲೆಯ ಹಿಂಭಾಗಕ್ಕೂ ಹೊಡೆಯುತ್ತಿದ್ದ. ಬೂಷ್ಟು ಕಂಡರೆ ಅವನಿಗಾಗದು. ಇಷ್ಟಾದರೂ ಒಬ್ಬರೂ ಹೊಗಳಿದವರಿಲ್ಲ. ತೋಟಕ್ಕೆ ಕೊಳೆರೋಗ ಬರದಿದ್ದರೆ ದೇವರ ದಯೆ, ಬಂದರೆ ಸಿದ್ದಯ್ಯನ ತಪ್ಪು.

ಅವನ ಕೈಕೆಳಗೆ ಕೆಲಸ ಕಲಿತ ಧರ್ಮನಿಗೆ ಅದೃಷ್ಟ ಖುಲಾಯಿಸಿದ್ದು ಇತ್ತೀಚೆಗೆ. ಕಾಲೇಜಿನ ಮಾನಸಾ ಮೇಡಂ ರೋಗದ ಎಲೆಗಳನ್ನು ಹುಡುಕಿಕೊಂಡು ಗುಡ್ಡಕ್ಕೆ ಬಂದಾಗ ದಾರಿ ತೋರಿಸಲು ಹೋದವನು, ಆಳೆತ್ತರದ ಸುರಗಿ ಗಿಡವೊಂದರ ಎಲೆ ಮಗುಚಿ ಕಪ್ಪು ಚುಕ್ಕೆ ತೋರಿಸಿದ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಯಾರೂ ಕಾಣದ ಶಿಲೀಂಧ್ರವಂತೆ. ಇನ್ನಷ್ಟು ಎಲೆ ಸಿಕ್ಕಿ ಖಾತ್ರಿಯಾದರೆ ಅದಕ್ಕೆ ಧರ್ಮನ ಹೆಸರನ್ನೇ ಇಡುವರಂತೆ.

ಕೂಲಿಯವರ ಲೈನ್ ಮನೆಗಳಲ್ಲೆಲ್ಲ ಅದೇ ಮಾತು. ಸಿದ್ದಯ್ಯನ ಹೊಟ್ಟೆಗೆ ಬೆಂಕಿ ಬಿತ್ತು. ಎಲೆ ಮಗುಚಿ ನೋಡುವುದನ್ನು ಧರ್ಮನಿಗೆ ಕಲಿಸಿದವರಾದರೂ ಯಾರು?

"ಬೂಷ್ಟು ತೋರ್ಸಿದೋನಿಗೆ ಹೆಸ್ರು ಐತೆ. ಮೂವತ್ತು ವರ್ಷ ಬೂಷ್ಟು ಕೊಂದೋನಿಗೆ ಏನೈತೆ ಹೇಳು?" ಎಂದು ಹೆಂಡತಿ ಕಲ್ಯಾಣಮ್ಮನನ್ನು ಕೇಳಿದ. ಸುಮ್ಮನೆ ಉಣ್ಣಲು ಹೇಳಿದಳು ಅವಳು. ಅವನು ತಟ್ಟೆ ಸರಿಸಿ ಎದ್ದ. ತನ್ನ ಒಂದು ಕಣ್ಣು ಹೋದರೂ ಸರಿ, ಎದುರಿನವನ ಎರಡೂ ಹೋಗಲಿ ಎನ್ನುವಂಥ ಕಿಚ್ಚು ಅದು. ಎಲ್ಲರೂ ಸಂತೆಗೆ ಹೋದ ಹೊತ್ತು ನೋಡಿ, ಔಷಧಿ ಕ್ಯಾನು ಬೆನ್ನಿಗೇರಿಸಿ ಗುಡ್ಡ ಹತ್ತಿದ.

ವಾರದ ಮೇಲೆ ಮೇಡಂ ಬಂದರು. ಧರ್ಮನ ಮುಖ ಇಂಗು ತಿಂದ ಮಂಗನಂತಾಗುವುದನ್ನು ಕಣ್ಣಾರೆ ನೋಡಬೇಕೆಂದು ಸಿದ್ದಯ್ಯನೂ ಜೊತೆಗೆ ಹೊರಟ. ಸುರಗಿ ಗಿಡವೆಲ್ಲ ಮೈಲುತುತ್ತದ ತಿಳಿನೀಲಿ ಬಳಿದುಕೊಂಡು ನಿಂತಿತ್ತು. ಧರ್ಮ ಎಲೆಗಳನ್ನು ಒಂದೊಂದಾಗಿ ಮಗುಚಿದ. ಕಪ್ಪು ಚುಕ್ಕೆಗಳೆಲ್ಲ ಉದುರಿಹೋಗಿದ್ದವು. ಅಂಥ ಚುಕ್ಕೆಯ ಗಿಡ ಬೇರೆಲ್ಲೂ ಅವನಿಗೆ ಸಿಕ್ಕಿರಲಿಲ್ಲ. ಎಲೆ ಇಡಲು ಬಿಡಿಸಿದ್ದ ಹಳೇ ಪೇಪರನ್ನು ಮೇಡಂ ಮತ್ತೆ ಮಡಚಿದರು. ತೋಟಕ್ಕೆ ಹೊಡೆದದ್ದು ಗಾಳಿಗೆ ಬಂದು ಬಿದ್ದಿರಬೇಕು ಎಂದು ಸಮಾಧಾನ ಹೇಳಿದರು.

"ಗಾಳಿಗೆ ಬಂದಿದ್ದಲ್ಲ ಮೇಡಂ," ಎಂದ ಧರ್ಮ, ಕೈಯಲ್ಲಿದ್ದ ಎಲೆ ಬಿಡದೆ. "ಒಂದೇ ಒಂದ್ ಎಲೆ ಹಿಂದ್ಗಡೆನೂ ಬುಟ್ಟಿಲ್ಲ. ಇಷ್ಟು ಚೆನ್ನಾಗಿ ಹೊಡೆಯೋರು ಈ ಸುತ್ತಿನಾಗೆ ಒಬ್ರೇ ಇರೋದು."

ಮೂವತ್ತು ವರ್ಷ ಸಿದ್ದಯ್ಯ ಕಾದಿದ್ದ ಮಾತು ಅದು. ಯಾರದು ಎಂದು ಮೇಡಂ ಕೇಳಿದರು. ಧರ್ಮ ತುಟಿ ಬಿಚ್ಚಲಿಲ್ಲ. ಸಿದ್ದಯ್ಯನ ಹೆಸರನ್ನು ಸಿದ್ದಯ್ಯನೇ ಹೇಳಬೇಕಾಯಿತು.